ತಟಸ್ಥರ ಲೆಕ್ಕದಲ್ಲಿ ಕಾಣದ ಕೈಗಳು

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2023ರ ನವೆಂಬರ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆಯೊಂದನ್ನು ಹೊರತಂದಿತು. ಏಳು ವಲಯ, 269 ಕ್ರಮ, 2050ರ ಹೊತ್ತಿಗೆ ನಗರ ಇಂಗಾಲ ತಟಸ್ಥವಾಗಬೇಕೆಂಬ ಗುರಿ. ವಿದ್ಯುತ್ತು, ಸಾರಿಗೆ, ಕಸ, ನೀರು, ಗಾಳಿ ಎಲ್ಲವೂ ಅದರಲ್ಲಿದೆ. ಇಂಥದ್ದೊಂದು ಬಂದದ್ದು ಒಳ್ಳೆಯದೇ. ಆದರೆ ಕವಿತೆಯನ್ನು ಓದುವಷ್ಟೇ ಎಚ್ಚರದಿಂದ ಸರ್ಕಾರದ ಕಡತವನ್ನೂ ಓದಬೇಕು. ಇಲ್ಲಿ ಕರ್ತೃ ಯಾರು, ಕರ್ಮ ಯಾರು, ಕ್ರಿಯೆ ಯಾರ ಮೈಮೇಲೆ ನಡೀತಿದೆ ಅಂತ ಕೇಳಬೇಕು.

'ತಟಸ್ಥ' ಅನ್ನೋ ಮಾತನ್ನೇ ಹಿಡಿಯೋಣ. ತಟ ಅಂದರೆ ದಡ. ದಡದಲ್ಲಿ ನಿಂತವನು ತಟಸ್ಥ. ಉಗುಳಿದ ಹೊಗೆಯಷ್ಟನ್ನೇ ಹೀರಿದ್ದೇವೆ, ಇಲ್ಲವೆ ಬೇರೆ ಕಡೆ ತಪ್ಪಿಸಿದ್ದೇವೆ ಎಂದು ಕೂಡಿ ಕಳೆದು ಸೊನ್ನೆ ಬಂದರೆ ಇಂಗಾಲ ತಟಸ್ಥ. ಹಾಗಾದರೆ ನೀರಿಗೆ ಇಳಿದವರು ಯಾರು? ಈ ಲೆಕ್ಕದ ಅಳತೆ ಟನ್ನು. ಟನ್ನಿಗೆ ಜಾತಿಯಿಲ್ಲ, ಕೂಲಿಯಿಲ್ಲ, ಬೆನ್ನುನೋವಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಎಲೆಕ್ಟ್ರಾನಿಕ್ ಸಿಟಿಗೆ ಬನ್ನಿ. 2020ರಲ್ಲಿ ಇನ್ಫೋಸಿಸ್ ತಾನು ಇಂಗಾಲ ತಟಸ್ಥವಾದೆನೆಂದು ಸಾರಿತು. ವಿದ್ಯುತ್ ಬಳಕೆ ತಗ್ಗಿಸಿದ್ದು, ಸೌರ ವಿದ್ಯುತ್ತಿನ ಕಡೆ ಹೊರಳಿದ್ದು ನಿಜ, ಹೀಗಳೆಯಬೇಕಿಲ್ಲ. ತಗ್ಗಿಸಲಾಗದೆ ಉಳಿದದ್ದನ್ನು ಹಳ್ಳಿಗಳಲ್ಲಿ ಗೋಬರ್ ಗ್ಯಾಸ್, ಸುಧಾರಿತ ಒಲೆ ಮುಂತಾದ ಕೆಲಸಗಳಿಂದ ಸರಿದೂಗಿಸಿತು. ಹಳ್ಳಿ ಹೆಂಗಸಿನ ಕಣ್ಣುರಿ ಕಮ್ಮಿಯಾಗುವುದು ಸಣ್ಣ ಮಾತಲ್ಲ. ಆದರೆ ಬೆಳಗಾಗೆದ್ದು ಸಗಣಿ ಬಾಚಿ, ನೀರು ಕಲಸಿ ತೊಟ್ಟಿಗೆ ಸುರಿಯೋಳು ಅವಳು. ಉಳಿದ ಹೊಗೆಯ ಟನ್ನು ಜಮೆಯಾಗೋದು ಕಂಪನಿಯ ಖಾತೆಗೆ. ದುಡಿಯೋಳಿಗೆ 'ಫಲಾನುಭವಿ' ಅಂತ ಹೆಸರು, ಖಾತೆ ಬರೆಯೋರಿಗೆ 'ಸಾಧಕರು' ಅಂತ ಹೆಸರು. ಈ ವ್ಯಾಕರಣ ನಮಗೆ ಹೊಸದೇನಲ್ಲ. ಉತ್ತು ಬಿತ್ತಿದವನು ಆಳು, ಪಹಣಿಯಲ್ಲಿ ಹೆಸರಿದ್ದವನು ಒಡೆಯ ಅಂತಲೇ ಅಲ್ಲವೆ ನಮ್ಮ ಹಿರಿಯರು ಸತ್ತದ್ದು?

ಇನ್ನು ವೈಟ್‌ಫೀಲ್ಡ್ ಕಡೆ. ಆ ಗಾಜಿನ ಕಟ್ಟಡಗಳಿಂದ ಹೆಚ್ಚು ದೂರವಿಲ್ಲ ಮಂಡೂರು. 2012ರಲ್ಲಿ ಮಾವಳ್ಳಿಪುರದ ಗುಂಡಿ ಮುಚ್ಚಿದ ಮೇಲೆ ನಗರದ ಕಸ ಮಂಡೂರಿನ ಮೇಲೆ ಬಿತ್ತು. ಊರವರು ರಸ್ತೆಗಿಳಿದು ಹೋರಾಡಿ 2014ರ ಡಿಸೆಂಬರ್‌ನಲ್ಲಿ ಲಾರಿ ನಿಲ್ಲಿಸಿದರು. ಕಸ ಮಾತ್ರ ನಿಲ್ಲಲಿಲ್ಲ; ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳ ದಾರಿ ಹಿಡಿಯಿತು. ಹಸಿಕಸ ಗಾಳಿಯಾಡದೆ ರಾಶಿಯೊಳಗೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ ಅದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 80 ಪಟ್ಟು ಶಾಖ ಹಿಡಿಯುವ ಅನಿಲ. ಆ ಹಸಿಕಸವನ್ನು ಬೇರೆ ಮಾಡಿ ಗೊಬ್ಬರಕ್ಕೆ ಕಳಿಸಿದರೆ ಅಷ್ಟು ಮೀಥೇನ್ ಹುಟ್ಟುವುದೇ ಇಲ್ಲ.

ಬೇರೆ ಮಾಡೋರು ಯಾರು? ಕಸ ಆಯುವವರು, ಪೌರಕಾರ್ಮಿಕರು, ಆಟೋದ ಹಿಂದೆ ನೇತಾಡುವ ಹುಡುಗರು. ಬಹುಪಾಲು ದಲಿತರು, ಅವರಲ್ಲಿ ಬಹುಪಾಲು ಹೆಂಗಸರು. ಬೆಂಗಳೂರಿನ ಹವಾಮಾನ ಕ್ರಿಯೆಯನ್ನು ಯೋಜನೆ ಹುಟ್ಟುವ ಎಷ್ಟೋ ಮೊದಲೇ ಬರಿಗೈಯಲ್ಲಿ ಮಾಡುತ್ತಿದ್ದವರು ಇವರೇ. 2022ರ ಜುಲೈನಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿ ಖಾಯಂ ಕೆಲಸ ಕೇಳಬೇಕಾಯಿತು. 2025ರ ಮೇ ದಿನದಂದು 12,692 ಮಂದಿಗೆ ಖಾಯಮಾತಿ ಪತ್ರ ಸಿಕ್ಕಿತು. ಅದು ಯಾರೂ ಕೊಟ್ಟ ಭಿಕ್ಷೆಯಲ್ಲ. ಅದನ್ನು ಹವಾಮಾನದ ಸುದ್ದಿಯೆಂದು ಯಾರೂ ಬರೆಯಲಿಲ್ಲ. ನನ್ನನ್ನು ಕೇಳಿದರೆ, ಆ ವರ್ಷ ಈ ನಗರದ ಹವಾಮಾನಕ್ಕೆ ಆದ ದೊಡ್ಡ ಕೆಲಸಗಳಲ್ಲಿ ಅದೂ ಒಂದು.

ನಮ್ಮವರೇ ಕೆಲವರು ಅಂತಾರೆ: ಹವಾಮಾನ ಉಳ್ಳವರ ಚಿಂತೆ ಕಣಯ್ಯ, ನಮಗೆ ಅನ್ನದ ಚಿಂತೆ. ಈ ಮಾತನ್ನು ಒಪ್ಪಲಾರೆ. 2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರ, ಹೊರವರ್ತುಲ ರಸ್ತೆ ಮುಳುಗಿದಾಗ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಚಿತ್ರ ದೇಶಕ್ಕೆಲ್ಲ ಗೊತ್ತು. ಅದೇ ನೀರು ಕೂಲಿಕಾರರ ತಗಡಿನ ಶೆಡ್ಡಿಗೂ ನುಗ್ಗಿತ್ತು. ಅವರಿಗೆ ಹತ್ತಲು ಟ್ರ್ಯಾಕ್ಟರ್ ಇರಲಿಲ್ಲ. ಪೀಣ್ಯದಲ್ಲಿ ಬೇಸಿಗೆ ಬಂದರೆ ತಗಡಿನ ಸೂರಿನ ಕೆಳಗೆ ಲೇತ್ ತಿರುಗಿಸುವವನ, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳ ಮೈ ಮೊದಲು ಬೇಯುತ್ತದೆ, ಏಸಿ ಕೋಣೆಯವರದ್ದಲ್ಲ. ಬಿಸಿಲಿಗೂ ಇಲ್ಲಿ ಮೇಲುಕೀಳಿದೆ.

ಹಾಗಂತ ಬಡತನವನ್ನು 'ಹಸಿರು ಬದುಕು' ಎಂದು ಹಾಡಿ ಹೊಗಳುವವರ ಬಗ್ಗೆಯೂ ಹುಷಾರಾಗಿರಬೇಕು. ಕಾರಿಲ್ಲದ್ದು, ಫ್ಯಾನಿಲ್ಲದ್ದು ನಮ್ಮ ಆದರ್ಶವಲ್ಲ, ನಮಗಾದ ಅನ್ಯಾಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಗಾರ್ಮೆಂಟ್ಸ್ ಹೆಣ್ಣುಮಗಳ ಕೈಯಲ್ಲಿ ನಾಲ್ಕು ಕಾಸು ಉಳಿಯುವುದೂ ಒಂದು ಬಸ್ಸು ಹತ್ತಾರು ಬೈಕು, ಕಾರುಗಳ ಹೊಗೆ ತಪ್ಪಿಸುವುದೂ ಒಟ್ಟಿಗೇ ಆಗಬಹುದು. ಇಂಗಾಲ ಇಳಿಯಬೇಕು, ದುಡಿಯುವವಳ ಬದುಕು ಏರಬೇಕು. ಎರಡೂ ಒಂದೇ ಕ್ರಮದಲ್ಲಿ ಕಂಡರೆ ಅದನ್ನು ನಾವು ಒಪ್ಪಬೇಕು. ಒಂದೇ ಕಂಡರೆ ಪ್ರಶ್ನಿಸಬೇಕು.

2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಯೋಜನೆಯ ಕಡತ ಈಗ ಹೊಸ ಮೇಜುಗಳ ಮೇಲಿದೆ. ಸಂಘಟನೆಯ ಗೆಳೆಯರು ವಾರ್ಡ್ ಕಚೇರಿಗೆ ಹೋಗಿ ಕೇಳಬೇಕಾದ್ದು ಇಷ್ಟು: ನಮ್ಮ ವಾರ್ಡಿನಲ್ಲಿ ಎಷ್ಟು ಹಸಿಕಸ ಗೊಬ್ಬರವಾಯಿತು? ಮಾಡಿದವರು ಎಷ್ಟು ಮಂದಿ? ಅವರ ಕೂಲಿ ಎಷ್ಟು, ಪಿಎಫ್, ಇಎಸ್ಐ ಇದೆಯೆ? ಕೈಗವಸು ಕೊಟ್ಟದ್ದು ಯಾವಾಗ? ಹಳ್ಳಿಯ ಮೇಷ್ಟ್ರುಗಳು ಸುಧಾರಿತ ಒಲೆ ಬಂದ ಮನೆಗಳಲ್ಲಿ ವಿಚಾರಿಸಲಿ: ಈ ಒಲೆಯಿಂದ ಉಳಿದ ಹೊಗೆ ಯಾರ ಖಾತೆಗೆ ಹೋಯಿತು, ನಿಮಗೆ ಅದನ್ನು ಯಾರಾದರೂ ಹೇಳಿದರೆ?

ಟನ್ನಿನ ಪಕ್ಕದಲ್ಲಿ ಕೂಲಿಯ ಕಾಲಮ್ಮೂ ಇರಬೇಕು. ಅಲ್ಲಿವರೆಗೂ ಈ ಲೆಕ್ಕಕ್ಕೆ ನಾವು ಸಹಿ ಹಾಕುವುದು ಬೇಡ.