ಹೇಳಿ ಮಾಡಿಸಿದ ಗಾಳದ ಕೋಲು: ಕಸುಬಿಗೆಷ್ಟು, ಬಣ್ಣಕ್ಕೆಷ್ಟು?

ಅಮೆರಿಕದ ಮಿನ್ನೆಸೋಟದಲ್ಲಿ ಚಳಿಗಾಲ ಬಲಿತಂತೆ ಕೆರೆಗಳೆಲ್ಲ ನಡೆದಾಡುವ ನೆಲವಾಗುತ್ತವೆ. ಜನ ಮಂಜುಗಡ್ಡೆಯಲ್ಲಿ ಎಂಟು ಅಂಗುಲ ಅಗಲದ ತೂತು ಕೊರೆದು, ಪಕ್ಕದಲ್ಲಿ ಬಕೆಟ್ ಮಗುಚಿ ಕೂತು, ಒಂದೂವರೆ ಎರಡು ಮೊಳದ ಕೋಲಿನಿಂದ ಗಾಳ ಇಳಿಸುತ್ತಾರೆ. ಅಂಥ ಕೋಲು ದೊಡ್ಡ ಅಂಗಡಿಗಳಲ್ಲಿ ರೀಲ್ ಸಮೇತ ಮೂವತ್ತು ನಲವತ್ತು ಡಾಲರಿಗೆ ಸಿಗುತ್ತದೆ. ಅದನ್ನೇ ಕುಶಲಕರ್ಮಿಯ ಕೈಯಲ್ಲಿ ಕಟ್ಟಿಸಿಕೊಂಡರೆ ರೀಲ್ ಬಿಟ್ಟೇ ನೂರರಿಂದ ಇನ್ನೂರು ಡಾಲರ್ ಆಗುತ್ತದೆ. ಈ ಹೆಚ್ಚುವರಿ ಹಣದಲ್ಲಿ ಒಂದು ಪಾಲು ಕಸುಬಿಗೆ ಸಲ್ಲುತ್ತದೆ, ಇನ್ನೊಂದು ಪಾಲು ಕಣ್ಣಿಗೆ. ಕೊಳ್ಳುವವನು ಮೊದಲು ಕಲಿಯಬೇಕಾದದ್ದು ಇವೆರಡನ್ನು ಬೇರ್ಪಡಿಸುವುದನ್ನು.

ಬೇಸಿಗೆಯ ಗಾಳದ ಕೋಲಿನ ಅರ್ಧ ಕೆಲಸ ದೂರಕ್ಕೆ ಎಸೆಯುವುದು. ಆರೇಳು ಅಡಿ ಉದ್ದ, ಚಿಮ್ಮುವ ಬಿಗಿ ಅದಕ್ಕೇ ಬೇಕು. ಮಂಜಿನ ಮೇಲೆ ಎಸೆಯುವ ಪ್ರಸಂಗವೇ ಇಲ್ಲ; ಗಾಳ ಕಾಲ ಬುಡದಲ್ಲೇ ನೇರವಾಗಿ ಇಳಿಯುತ್ತದೆ. ಉಳಿಯುವ ಕೆಲಸ ಎರಡೇ: ಕೆಳಗೆ ಏನಾಗುತ್ತಿದೆಯೆಂದು ಕೈಗೋ ಕಣ್ಣಿಗೋ ತಿಳಿಸುವುದು, ಸಿಕ್ಕ ಮೀನು ಜಗ್ಗಿದಾಗ ತೆಳುವಾದ ದಾರ ಹರಿಯದಂತೆ ಬಾಗಿಕೊಡುವುದು. ಚಳಿಗೆ ಮೀನು ಮಂದವಾಗಿರುತ್ತದೆ, ಕಚ್ಚುವುದೂ ಮೆಲ್ಲಗೆ. ಹೀಗಾಗಿ ಕೋಲಿನ ಬೆಲೆಯೆಲ್ಲ ಅದರ ತುದಿಯ ಕೆಲವು ಅಂಗುಲಗಳಲ್ಲೇ ಇದೆ.

ಕ್ರಾಪಿ ಎಂಬ ಮೀನನ್ನು ನೋಡಿ. ಅದು ಆಹಾರವನ್ನು ಕೆಳಗಿನಿಂದ ಮೇಲಕ್ಕೆ ಬಂದು ಬಾಯಿಗೆಳೆದುಕೊಳ್ಳುತ್ತದೆ. ಹಾಗಾಗಿ ಅದು ಕಚ್ಚಿದಾಗ ತುದಿ ಕೆಳಕ್ಕೆ ಜಗ್ಗಬೇಕೆಂದೇನಿಲ್ಲ. ಗಾಳದ ಭಾರ ತಪ್ಪಿ, ಬಾಗಿದ್ದ ತುದಿ ನೆಟ್ಟಗಾಗಬಹುದು. ಒಂದೆರಡು ಗ್ರಾಂ ತೂಕದ ಜಿಗ್ (ತೂಕ ಹಚ್ಚಿದ ಕೊಕ್ಕೆ) ಕಟ್ಟಿದೊಡನೆ ಬಾಗುವಷ್ಟು ಮೆದುವಾದ ತುದಿಯಿದ್ದರೆ ಮಾತ್ರ ಈ ನೆಟ್ಟಗಾಗುವಿಕೆ ಕಣ್ಣಿಗೆ ಬೀಳುತ್ತದೆ. ಅಲ್ಲಿಯವರು ‘ನೂಡಲ್ ರಾಡ್’ ಎನ್ನುವುದು ಇಂಥ ಕೋಲಿಗೇ. ಅದೇ ಕೋಲಿನಿಂದ ವಾಲ್‌ಐ ಮೀನು ಹಿಡಿಯಹೋದರೆ ಏಳು ಗ್ರಾಂ ತೂಕದ, ಸ್ಪೂನ್ ಎಂಬ ತಗಡಿನ ಗಾಳವನ್ನು ಕುಣಿಸುವುದೇ ಆಗದು, ಕೊಕ್ಕೆಯನ್ನು ಗಟ್ಟಿ ದವಡೆಗೆ ನಾಟಿಸುವುದಂತೂ ದೂರ. ಲೇಕ್ ಟ್ರೌಟಿಗೆ ಇನ್ನೂ ಉದ್ದದ, ಬೆನ್ನು ಗಟ್ಟಿಯಾದ ಕೋಲು ಬೇಕು. ಆದ್ದರಿಂದ ‘ಎಲ್ಲ ಮೀನಿಗೂ ಒಂದೇ’ ಎಂದು ಮಾರುವ ಕೋಲು ಹೇಳಿ ಮಾಡಿಸಿದ್ದಾಗಲು ಸಾಧ್ಯವೇ ಇಲ್ಲ, ಅದರ ಮೇಲೆ ಎಷ್ಟೇ ಚೆಂದದ ಹೆಸರು ಕೊರೆದಿದ್ದರೂ.

ಬ್ಲ್ಯಾಂಕ್ ಎಂದು ಕರೆಯುವ ಬರಿಯ ಕೋಲಿನ ವಸ್ತು ಎರಡನೆಯ ಪ್ರಶ್ನೆ. ಗಟ್ಟಿ ಫೈಬರ್‌ಗ್ಲಾಸ್ ನಿಧಾನವಾಗಿ ಬಾಗುತ್ತದೆ, ಪೆಟ್ಟು ತಾಳುತ್ತದೆ, ಆದರೆ ಸಣ್ಣ ತಟ್ಟನ್ನು ಕೈಗೆ ತಲುಪಿಸುವುದರಲ್ಲಿ ಹಿಂದೆ. ಕಾರ್ಬನ್ ಹಗುರ, ತಟ್ಟನ್ನು ಚುರುಕಾಗಿ ಮುಟ್ಟಿಸುತ್ತದೆ; ಟೊಳ್ಳು ಕಾರ್ಬನ್ನಾದರೆ ಇನ್ನೂ ಚುರುಕು, ಆದರೆ ಟ್ರಕ್ಕಿನ ಬಾಗಿಲಿಗೋ ಸ್ಲೆಡ್ಡಿನ ಅಂಚಿಗೋ ಸಿಕ್ಕರೆ ಮುರಿಯುವುದೂ ಅಷ್ಟೇ ಚುರುಕು. ಮಾರುವವರು ಕಾರ್ಬನ್ನಿನ ಗುಣ ಹಾಡುವುದೇ ಹೆಚ್ಚು. ಆದರೆ ಕಣ್ಣಿನಿಂದ ತುದಿ ನೋಡಿ ಹಿಡಿಯುವ ಸಣ್ಣ ಮೀನಿಗೆ ಅಗ್ಗದ ಗ್ಲಾಸೇ ಸಾಕು, ಎಷ್ಟೋ ಸಲ ಮೇಲು. ಕೈಯಿಂದ ತಟ್ಟು ಗ್ರಹಿಸಬೇಕಾದ ಆಳದ ನೀರಿನಲ್ಲಿ ಮಾತ್ರ ಕಾರ್ಬನ್ನಿಗೆ ಕೊಟ್ಟ ಹಣ ಮರಳಿ ಬರುತ್ತದೆ.

ದಾರ ಹಾಯುವ ಬಳೆಗಳನ್ನು, ಅಂದರೆ ಗೈಡ್‌ಗಳನ್ನು, ಕೊಳ್ಳುವವರು ಗಮನಿಸುವುದು ಕಡಿಮೆ. ಕಟ್ಟುವವರ ಕಸುಬು ಬಯಲಾಗುವುದು ಅಲ್ಲೇ. ದಾರ ತನ್ನ ಜೊತೆ ನೀರನ್ನು ಮೇಲೆ ತರುತ್ತದೆ, ಆ ನೀರು ಬಳೆಯಲ್ಲೇ ಹೆಪ್ಪುಗಟ್ಟುತ್ತದೆ. ಬಳೆ ತೀರಾ ಚಿಕ್ಕದಾದರೆ ಬಯಲಲ್ಲಿ ಕೂತವನು ಮೀನು ಹಿಡಿಯುವುದಕ್ಕಿಂತ ಮಂಜು ಕೆರೆಯುವುದರಲ್ಲೇ ಹೊತ್ತು ಕಳೆಯಬೇಕಾಗುತ್ತದೆ. ಬಳೆ ದೊಡ್ಡದಾದರೆ, ಸಂಖ್ಯೆ ಜಾಸ್ತಿಯಾದರೆ ತುದಿ ಭಾರವಾಗಿ ಮೆದುತನ ಸತ್ತೇಹೋಗುತ್ತದೆ. ಬಿಸಿ ಮಾಡಿಕೊಂಡ ಡೇರೆಯೊಳಗೆ ಕೂರುವವನಿಗೆ ಒಂದು ಅಳತೆ, ಗಾಳಿಯಲ್ಲಿ ಕೂರುವವನಿಗೆ ಇನ್ನೊಂದು. ರೀಲ್ ಯಾವುದೆಂಬುದೂ ಇಲ್ಲಿ ಸೇರಿಕೊಳ್ಳುತ್ತದೆ. ಸಾಧಾರಣ ಸ್ಪಿನ್ನಿಂಗ್ ರೀಲಿನಿಂದ ದಾರ ಸುರುಳಿ ಸುರುಳಿಯಾಗಿ ಬರುವುದರಿಂದ ಮೊದಲ ಬಳೆ ಅಗಲವಿರಬೇಕು. ದಾರಕ್ಕೆ ತಿರುಚು ಬಿದ್ದು ಹಗುರ ಜಿಗ್ ನೀರಿನಲ್ಲಿ ಗಿರಗಿರ ತಿರುಗುವುದೂ ಉಂಟು. ದಾರ ನೇರವಾಗಿ ಬಿಚ್ಚುವ ಇನ್‌ಲೈನ್ ರೀಲಿಗೆ ಆ ಕಾಟವಿಲ್ಲ, ಸಣ್ಣ ಬಳೆಯೂ ನಡೆಯುತ್ತದೆ. ರೀಲ್ ತೋರಿಸದೆ ಕಟ್ಟಿಸಿದ ಕೋಲು ಅರ್ಧ ಮಾತ್ರ ಹೇಳಿ ಮಾಡಿಸಿದ್ದು.

ಹಿಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾರ್ಕ್ ಬರಿಗೈಗೆ ಹಿತ, ಫೋಮ್ ಬಾಳಿಕೆಗೆ ಸೈ. ರೀಲನ್ನು ತಿರುಪಿನ ಸೀಟಿನಲ್ಲಿ ಕೂರಿಸುವ ಬದಲು ಟೇಪ್ ಸುತ್ತಿ ಕೂರಿಸುವ ಹಳೆಯ ಪದ್ಧತಿ ನೋಡಲು ಒರಟು. ಆದರೂ ಅದಕ್ಕೊಂದು ಲಾಭವಿದೆ: ಬೆರಳ ಮೇಲಿಟ್ಟರೆ ತೂಗಿ ನಿಲ್ಲುವ ಜಾಗಕ್ಕೆ ರೀಲನ್ನು ಸರಿಸಿಕೊಳ್ಳಬಹುದು. ಮುಂದಕ್ಕೆ ವಾಲುವ ಕೋಲು ಹಗುರವಾಗಿದ್ದರೂ ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯಿಸುತ್ತದೆ.

ಕೋಲಿನ ಆಯ್ಕೆಯಲ್ಲಿ ಕಾನೂನೂ ಕೈಯಾಡಿಸಿದೆ. ಮಿನ್ನೆಸೋಟದಲ್ಲಿ ಬೇಸಿಗೆಯಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ದಾರ. ಮಂಜಿನ ಮೇಲೆ ಎರಡಕ್ಕೆ ಅನುಮತಿ. ಹೀಗಾಗಿ ಒಂದು ಕೋಲನ್ನು ಕೈಯಲ್ಲಿ ಆಡಿಸುತ್ತ, ಇನ್ನೊಂದಕ್ಕೆ ಜೀವಂತ ಮರಿಮೀನು ಸಿಕ್ಕಿಸಿ ಸ್ಟ್ಯಾಂಡಿನಲ್ಲಿ ಬಿಡುವ ರೂಢಿ ಬೆಳೆದಿದೆ. ‘ಡೆಡ್ ಸ್ಟಿಕ್’ ಎನ್ನುವ ಆ ಎರಡನೆಯ ಕೋಲಿನ ತುದಿ ಮೀನು ಎಳೆದೊಯ್ದರೂ ಅದಕ್ಕೆ ಅನುಮಾನ ಬಾರದಷ್ಟು ಮೆತ್ತಗಿರಬೇಕು, ಬೆನ್ನು ಮಾತ್ರ ದೊಡ್ಡ ವಾಲ್‌ಐಯನ್ನು ಎತ್ತುವಷ್ಟು ಗಟ್ಟಿ. ಈ ಎರಡು ವಿರುದ್ಧ ಗುಣಗಳನ್ನು ಒಂದೇ ಕೋಲಿನಲ್ಲಿ ಕೂಡಿಸುವುದು ಅಗ್ಗದ ಕೋಲುಗಳಿಗೆ ಸುಲಭವಲ್ಲ. ಒಂದೇ ಒಂದನ್ನು ಕಟ್ಟಿಸುವುದಾದರೆ ಇದನ್ನು ಕಟ್ಟಿಸಿ ಎನ್ನುತ್ತೇನೆ.

ಈಗ ತೆರೆಯ ಮೇಲೆ ನೋಡುತ್ತ ಹಿಡಿಯುವ ಕಾಲ. 2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಎಂಬ ಸೋನಾರ್ ಯಂತ್ರ ಬಂದ ಮೇಲೆ ಮೀನು ಗಾಳದತ್ತ ಈಜಿ ಬರುವುದು ಆಯಾ ಕ್ಷಣಕ್ಕೇ ಕಾಣುತ್ತದೆ. ಹಾಗಿದ್ದ ಮೇಲೆ ಸೂಕ್ಷ್ಮ ತುದಿಗೆ ದುಬಾರಿ ಬೆಲೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಸೋನಾರ್ ಮೀನು ಬಂದದ್ದನ್ನು ತೋರಿಸುತ್ತದೆ. ಬಂದ ಮೀನು ಜಿಗ್ಗನ್ನು ಬಾಯಿಗೆಳೆದು ಮರುಕ್ಷಣ ಉಗುಳಿದ್ದನ್ನು ಹೇಳಲು ತುದಿಯೇ ಬೇಕು. ಯಂತ್ರದಿಂದ ನಿಜವಾಗಿ ಬದಲಾಗಿರುವುದು ಉದ್ದ. ತೂತಿನಿಂದ ತೂತಿಗೆ ನಿಂತೇ ಓಡಾಡುವವರಿಗೆ ಮೂರಡಿ ಮೀರಿದ ಕೋಲು ಅನುಕೂಲ. ಡೇರೆಯಲ್ಲಿ ಕೂರುವವರಿಗೆ ಎರಡು, ಎರಡೂವರೆ ಅಡಿಯೇ ಸರಿ.

ಇನ್ನು ಕಣ್ಣಿಗೆ ಸಲ್ಲುವ ಪಾಲು: ಮಿನುಗುವ ನೂಲಿನ ಸುತ್ತು, ಬಣ್ಣ ಕಲಸಿದ ಹಿಡಿ, ಕೊಂಡವರ ಹೆಸರು. ಇವುಗಳ ಬಗ್ಗೆ ಮೂಗು ಮುರಿಯಬೇಕಾಗಿಲ್ಲ; ಕೈಕೆಲಸದ ಚೆಲುವಿಗೆ ದುಡ್ಡು ಕೊಡುವುದು ತಪ್ಪಲ್ಲ. ಆದರೆ ಬಣ್ಣ ಆರಿಸಲು ಹತ್ತು ಆಯ್ಕೆ ಕೊಟ್ಟು, ತುದಿಯ ವಿಷಯಕ್ಕೆ ಬಂದಾಗ ‘ಲೈಟ್’, ‘ಮೀಡಿಯಂ’ ಎಂದು ಮುಗಿಸುವವನು ಮೈಯಳತೆ ತೆಗೆಯದೆ ಗುಂಡಿಯ ಬಣ್ಣ ಕೇಳುವ ದರ್ಜಿಯಂತೆ. ಈ ‘ಲೈಟ್’, ‘ಮೀಡಿಯಂ’ಗಳಿಗೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ, ಒಬ್ಬರ ಲೈಟ್ ಇನ್ನೊಬ್ಬರ ಮೀಡಿಯಂ. ಮಿನ್ನಿಯಾಪೊಲಿಸ್‌ನ ಉತ್ತರದ ಬ್ಲೇನ್‌ನಲ್ಲಿರುವ ಥಾರ್ನ್ ಬ್ರದರ್ಸ್‌ನಂಥ ಅಂಗಡಿಗಳು ಹೆಸರು ಮಾಡಿರುವುದು ಒಂದೊಂದು ಬಗೆಯ ಮೀನುಗಾರಿಕೆಗೆ ಒಂದೊಂದು ಕೋಲು ಎಂಬ ಲೆಕ್ಕದಲ್ಲಿ ಕಟ್ಟುವುದರಿಂದ. ಅದರ ಇನ್ನೊಂದು ಮುಖವೂ ಇದೆ: ಹಾಗೆ ಲೆಕ್ಕ ಹಾಕುತ್ತ ಹೋದರೆ ಕೋಲುಗಳ ಸಂಖ್ಯೆಗೆ ಕೊನೆಯೇ ಇರುವುದಿಲ್ಲ. ಒಳನಾಡಿನ ಕೆರೆಗಳಲ್ಲಿ ಚಳಿಗಾಲದ ವಾಲ್‌ಐ ಹಂಗಾಮು ಫೆಬ್ರವರಿ ಕೊನೆಗೆ ಮುಗಿದುಹೋಗುತ್ತದೆ ಎಂಬುದನ್ನು ಎಂಟನೆಯ ಕೋಲಿಗೆ ಮುಂಗಡ ಕೊಡುವ ಮೊದಲು ನೆನೆಯುವುದು ಒಳ್ಳೆಯದು.

ಕೊಳ್ಳುವಾಗ ಮಾಡಬಹುದಾದ ಪರೀಕ್ಷೆ ಸರಳ. ನಿಮ್ಮ ರೀಲನ್ನೂ ನೀವು ಹೆಚ್ಚು ಬಳಸುವ ಜಿಗ್ಗನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ಕೋಲಿಗೆ ರೀಲ್ ಕೂರಿಸಿ ಬೆರಳ ಮೇಲೆ ತೂಗಿ ನೋಡಿ. ದಾರ ಪೋಣಿಸಿ ಜಿಗ್ ಕಟ್ಟಿ, ತುದಿ ಎಷ್ಟು ಬಾಗಿತೆಂದು ನೋಡಿ. ಜಿಗ್ಗನ್ನು ಅಂಗೈಯಿಂದ ಮೆಲ್ಲಗೆ ಎತ್ತಿದಾಗ ತುದಿ ನೆಟ್ಟಗಾಗುವುದು ಕಾಣದಿದ್ದರೆ ಅದು ಕ್ರಾಪಿಗೆ ಹೇಳಿದ ಕೋಲಲ್ಲ. ತುದಿ ಮುರಿದರೆ ರಿಪೇರಿ ಯಾರದು ಎಂದೂ ಕೇಳಿ. ಕಟ್ಟುವವನು ತಾನಾಗಿಯೇ ಮೀನು, ಆಳ, ರೀಲ್, ಕೂರುವ ಬಗೆ ಇಷ್ಟನ್ನು ವಿಚಾರಿಸಿದರೆ ಅರ್ಧ ನಂಬಿಕೆ ಅಲ್ಲೇ ಹುಟ್ಟುತ್ತದೆ.

ಕೆಲಸಕ್ಕೆಂದು ಅಲ್ಲಿಗೆ ಹೋಗಿ, ಸಹೋದ್ಯೋಗಿಗಳ ಜೊತೆ ಮೊದಲ ಸಲ ಕೆರೆಗಿಳಿಯುವ ಕನ್ನಡಿಗರು ಕಟ್ಟಿಸಿದ ಕೋಲಿನಿಂದ ಶುರು ಮಾಡಬೇಕಾಗಿಲ್ಲ. ಕೋಲಿಗಿಂತ ಮೊದಲು ಜೀವದ ಮಾತು. ನಡೆಯಲು ಕನಿಷ್ಠ ನಾಲ್ಕು ಅಂಗುಲ ಗಟ್ಟಿ ಮಂಜು ಬೇಕೆಂಬುದು ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆ. 2023ರ ಡಿಸೆಂಬರ್ ಕೊನೆಯಲ್ಲಿ ಅಪ್ಪರ್ ರೆಡ್ ಲೇಕ್‌ನಲ್ಲಿ ಮಂಜಿನ ಹಾಸು ದಡದಿಂದ ಬಿಟ್ಟುಕೊಂಡು ನೂರಕ್ಕೂ ಹೆಚ್ಚು ಮಂದಿಯನ್ನು ಪಾರು ಮಾಡಬೇಕಾಗಿ ಬಂತು. ಮೊದಲ ದುಡ್ಡು ತೇಲುವ ಉಡುಪಿಗೆ, ಮಂಜಿಗೆ ಚುಚ್ಚಿ ಮೇಲೇರುವ ಮೊಳೆಗಳಿಗೆ ಹೋಗಲಿ. ಮೊದಲ ಹಂಗಾಮು ಅಗ್ಗದ ಕೋಲಿನಲ್ಲೇ ಕಳೆಯಲಿ. ಆ ಕೋಲು ಎಲ್ಲಿ ಕೈಕೊಟ್ಟಿತು, ಯಾವ ಕಚ್ಚು ತಪ್ಪಿತು ಎಂದು ಖಚಿತವಾಗಿ ಹೇಳಬಲ್ಲವರು ಮಾತ್ರ ಹೇಳಿ ಮಾಡಿಸಲು ಅರ್ಹರು. ಹೇಳಲು ಏನೂ ಇಲ್ಲದವರು ಇನ್ನೂರು ಡಾಲರ್ ಕೊಟ್ಟರೂ ಕೈಗೆ ಬರುವುದು ಬೇರೆ ಯಾರಿಗೋ ಕಟ್ಟಿದ ಕೋಲೇ.