ಎರಡನ್ನೂ ಬಿಡದ ಲಾನ್ಸಿಯಾ

ಟರ್ಬೋನೋ ಸೂಪರ್‌ಚಾರ್ಜರೋ ಎಂಬ ವಾದ ಎದ್ದಾಗಲೆಲ್ಲ ನನ್ನ ಮನಸ್ಸು ಓಡುವುದು ಇಟಲಿಯ ರ‍್ಯಾಲಿ ಕಾರು ಲಾನ್ಸಿಯಾ ಡೆಲ್ಟಾ ಎಸ್4 ಕಡೆಗೆ. ಟರ್ಬೋ ತಿರುಗುವುದು ಎಂಜಿನ್ ಹೊರಹಾಕುವ ಹೊಗೆಯ ರಭಸದಿಂದ, ಹೇಗೂ ವ್ಯರ್ಥವಾಗುವ ಶಕ್ತಿಯಿಂದ. ಆದರೆ ಆಕ್ಸಿಲರೇಟರ್ ತುಳಿದ ಮೇಲೆ ಒಂದು ಗಳಿಗೆ ಕಾಯಿಸುತ್ತದೆ. ಸೂಪರ್‌ಚಾರ್ಜರ್ ಕಾಯಿಸುವುದಿಲ್ಲ, ಅದನ್ನು ಎಂಜಿನ್ನೇ ತಿರುಗಿಸಬೇಕು, ಹಾಗಾಗಿ ಒಂದಿಷ್ಟು ಬಲ ಅಲ್ಲೇ ಖರ್ಚು.

ಲಾನ್ಸಿಯಾ, ಅಬಾರ್ಥ್ ಎಂಜಿನಿಯರುಗಳು 1.8 ಲೀಟರಿನ ಒಂದೇ ಎಂಜಿನ್ನಿಗೆ ಎರಡನ್ನೂ ಜೋಡಿಸಿದರು. ಕಡಿಮೆ ಆರ್‌ಪಿಎಂನಲ್ಲಿ ಸೂಪರ್‌ಚಾರ್ಜರ್ ಗಾಳಿ ತುಂಬುತ್ತದೆ. ಆರ್‌ಪಿಎಂ ಏರಿದಂತೆ ಟರ್ಬೋ ಹೊಣೆ ಹೊರುತ್ತದೆ. ಎಂಥ ಸೊಗಸಾದ ಹೊಂದಾಣಿಕೆ! ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ಬಾರಿಗೆ ಇಳಿದ 1985ರ ಆರ್‌ಎಸಿ ರ‍್ಯಾಲಿಯಲ್ಲೇ ಮೊದಲೆರಡು ಸ್ಥಾನ ಈ ಕಾರಿನ ಪಾಲಾಯಿತು. ರಸ್ತೆಗೆಂದು ಮಾಡಿದ ಸ್ಟ್ರಾಡಾಲೆಗೂ ಸುಮಾರು 250 ಅಶ್ವಶಕ್ತಿ. ಆದರೆ ಎರಡನ್ನೂ ಜೋಡಿಸಿದರೆ ಭಾರ, ಖರ್ಚು, ಪೈಪುಗಳ ಗೋಜಲು ಇದ್ದದ್ದೇ. ದಿನದ ಓಡಾಟಕ್ಕಾದರೆ ಟರ್ಬೋ ಒಂದೇ ಸಾಕೆನ್ನುತ್ತೇನೆ.