ಆಟದ ಪುಟದ ಜಮಾ-ಖರ್ಚು

ದಿನಪತ್ರಿಕೆಯಲ್ಲಿ ಆಟದ ಪುಟ ಗಂಡಸರದು, ವಾರದ ಪುರವಣಿ ಹೆಂಗಸರದು ಎಂಬ ಪಾಲುಪಟ್ಟಿಯೊಂದು ನಮ್ಮ ಮನೆಗಳಲ್ಲಿ ಬಹಳ ಕಾಲ ನಡೆದುಬಂತು. ವಾಣಿಜ್ಯದ ಪುಟ ಯಾರದೂ ಅಲ್ಲ. ಅಡುಗೆಮನೆಯ ಗೂಡಿಗೆ ಹಾಸಲು ಮೊದಲು ಹೋಗುತ್ತಿದ್ದುದು ಅದೇ. ಈಗ ಆ ಪಾಲೆಲ್ಲ ಕಲಸಿಹೋಗಿದೆ. ಕ್ರಿಕೆಟ್ಟಿನ ಸುದ್ದಿ ಓದಲು ಕುಳಿತರೆ ಕೋಟಿಗಳ ಲೆಕ್ಕ. ವಾಣಿಜ್ಯದ ಪುಟ ತೆರೆದರೆ ಅಲ್ಲೊಂದು ಕ್ರಿಕೆಟ್ ತಂಡದ ಕೊಡು-ಕೊಳ್ಳುವ ಮಾತು. ತಂತ್ರಜ್ಞಾನದ ಸುದ್ದಿಯೆಂದು ನೋಡಿದರೆ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಕ್ಕೆ ಸರ್ಕಾರ ಹಾಕಿದ ಮೂಗುದಾರ. ಹೆಸರು ಮೂರು, ಸುದ್ದಿ ಒಂದೇ.

ಲೆಕ್ಕವೆಂದ ಮೇಲೆ ಅದನ್ನು ಓದುವ ಅಭ್ಯಾಸ ನಮಗೆ ಇದ್ದೇ ಇದೆ. ಹಾಲಿನ ಲೆಕ್ಕ, ದಿನಸಿಯ ಲೆಕ್ಕ, ಚೀಟಿಯ ಲೆಕ್ಕ ಬರೆದಿಟ್ಟವರು ನಾವಲ್ಲದೆ ಇನ್ನಾರು? ಆದ್ದರಿಂದ ಇತ್ತೀಚಿನ ವರ್ಷಗಳ ಆಟದ ಪುಟವನ್ನು ನಾನು ಜಮಾ-ಖರ್ಚಿನ ಪುಸ್ತಕದ ಹಾಗೆ ಓದುತ್ತ ಬಂದಿದ್ದೇನೆ. ಜಮೆಯನ್ನು ದಪ್ಪ ಅಕ್ಷರಗಳಲ್ಲಿ ಬರೆಯುತ್ತಾರೆ. ಖರ್ಚಿನ ಕಡೆಯಲ್ಲಿ ಎಷ್ಟೋ ಸಾಲುಗಳನ್ನು ಖಾಲಿ ಬಿಟ್ಟಿರುತ್ತಾರೆ. ನನ್ನ ತಕರಾರು ಆ ಖಾಲಿ ಸಾಲುಗಳದ್ದು.

2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಏಕದಿನ ವಿಶ್ವಕಪ್ ಗೆದ್ದರು. ಗಾಯಗೊಂಡವಳ ಬದಲಿಗೆ ಕೊನೆಯ ಗಳಿಗೆಯಲ್ಲಿ ತಂಡ ಸೇರಿದ ಶಫಾಲಿ ವರ್ಮ 87 ಹೊಡೆದಳು, ದೀಪ್ತಿ ಶರ್ಮ 58 ಹೊಡೆದು ಐದು ವಿಕೆಟ್ಟನ್ನೂ ಕಿತ್ತಳು. ಅದಕ್ಕೆ ಮೂರು ದಿನ ಮೊದಲು ಆಸ್ಟ್ರೇಲಿಯದ 338ನ್ನು ಬೆನ್ನಟ್ಟಿ ಜೆಮಿಮಾ ರಾಡ್ರಿಗಸ್ 127 ರನ್ ಮಾಡಿ ಔಟಾಗದೆ ನಿಂತ ಆಟವನ್ನು ನೋಡಿದವರು ಸುಲಭಕ್ಕೆ ಮರೆಯಲಾರರು. ಪತ್ರಿಕೆಗಳು ಇದನ್ನು ಮನಸಾರೆ ಬರೆದವು. ಮೊದಲ ಪುಟ, ಬಣ್ಣದ ಚಿತ್ರ, ಕಣ್ಣೀರು ಎಲ್ಲವೂ ಬಂದವು. ಅದರಲ್ಲಿ ಕುಂದು ಹುಡುಕುವಷ್ಟು ಕಹಿ ನಾಲಿಗೆ ನನ್ನದಲ್ಲ.

ಮರುದಿನ ಶುರುವಾಯಿತು ನೋಡಿ ಹಣದ ಮಳೆ. ಕ್ರಿಕೆಟ್ ಮಂಡಳಿಯಿಂದ 51 ಕೋಟಿ ಬಹುಮಾನ. ಅಂತರರಾಷ್ಟ್ರೀಯ ಮಂಡಳಿಯಿಂದ 44.8 ಲಕ್ಷ ಡಾಲರು, ಅಂದರೆ 2023ರಲ್ಲಿ ವಿಶ್ವಕಪ್ ಗೆದ್ದ ಆಸ್ಟ್ರೇಲಿಯದ ಗಂಡಸರಿಗೆ ಸಿಕ್ಕ 40 ಲಕ್ಷಕ್ಕಿಂತ ಹೆಚ್ಚು. 2005ರ ವಿಶ್ವಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದು ಬಂದಾಗ ತಮಗೆ ಪಂದ್ಯವೊಂದಕ್ಕೆ ಸಾವಿರ ರೂಪಾಯಿ ಸಿಕ್ಕಿತ್ತೆಂದು ಮಿಥಾಲಿ ರಾಜ್ ಹೇಳಿಕೊಂಡಿದ್ದಾರೆ. ಇಪ್ಪತ್ತು ವರ್ಷದಲ್ಲಿ ಅಲ್ಲಿಂದ ಇಲ್ಲಿಗೆ ಬಂದದ್ದು ಸಣ್ಣ ಮಾತಲ್ಲ. ಹೆಣ್ಣಿನ ದುಡಿಮೆಗೆ ಹಣ ಬಂದರೆ ಆಟದ ಪಾವಿತ್ರ್ಯ ಕೆಟ್ಟಿತೆಂದು ಮೂಗು ಮುರಿಯುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಪಾವಿತ್ರ್ಯದ ಹೆಸರಿನಲ್ಲಿ ಹೆಂಗಸರಿಂದ ಬಿಟ್ಟಿ ಕೆಲಸ ಮಾಡಿಸಿಕೊಂಡದ್ದು ಸಾಕಷ್ಟಾಗಿದೆ.

ಆದರೆ ಈ ಸಂಭ್ರಮದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದ 'ಸಮಾನ ವೇತನ' ಎಂಬ ಪದವನ್ನು ಮಾತ್ರ ಒಪ್ಪಲಾರೆ. 2022ರ ಅಕ್ಟೋಬರ್‌ನಲ್ಲಿ ಮಂಡಳಿ ಪ್ರಕಟಿಸಿದ್ದು ವೇತನವನ್ನಲ್ಲ, ಪಂದ್ಯದ ಸಂಭಾವನೆಯನ್ನು. ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ, ಗಂಡಿಗೂ ಹೆಣ್ಣಿಗೂ ಒಂದೇ. ಒಳ್ಳೆಯದೇ. ಆದರೆ ಆ ದಿನದಿಂದ 2025ರ ಕೊನೆಯವರೆಗೆ ನಮ್ಮ ಹೆಣ್ಣುಮಕ್ಕಳಿಗೆ ಆಡಲು ಸಿಕ್ಕ ಟೆಸ್ಟುಗಳು ಮೂರೇ ಮೂರು. ಗದ್ದೆಯಲ್ಲಿ ನಾಟಿ ಮಾಡುವ ಯಾವ ಹೆಂಗಸನ್ನಾದರೂ ಕೇಳಿ, ದಿನಗೂಲಿಯ ದರ ಒಂದೇ ಆಗಿ ಕೆಲಸದ ದಿನಗಳು ಬೇರೆಯಾದರೆ ಮನೆಗೆ ಬರುವ ದುಡ್ಡು ಒಂದೇ ಆಗುತ್ತದೆಯೇ ಎಂದು. ಇನ್ನು ವರ್ಷದ ಗುತ್ತಿಗೆಯ ಹಣ: 2024-25ರ ಪಟ್ಟಿಯಲ್ಲಿ ಹೆಂಗಸರ ಮೇಲಿನ ದರ್ಜೆಗೆ 50 ಲಕ್ಷ, ಗಂಡಸರ ಮೇಲಿನ ದರ್ಜೆಗೆ 7 ಕೋಟಿ, ಗಂಡಸರ ಕೊನೆಯ ದರ್ಜೆಗೇ ಒಂದು ಕೋಟಿ. ಇದನ್ನು ಸಮಾನ ಎಂದು ಕರೆಯಬೇಕಾದರೆ ಗಣಿತವನ್ನು ಹೊಸದಾಗಿ ಕಲಿಯಬೇಕು.

ಪದಗಳ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿ ಮುಂದೆ ಹೋಗುತ್ತೇನೆ. 2021ರಲ್ಲಿ ಕ್ರಿಕೆಟ್ಟಿನ ನಿಯಮ ಬರೆಯುವ ಲಂಡನ್ನಿನ ಕ್ಲಬ್ಬಿನವರು 'ಬ್ಯಾಟ್ಸ್‌ಮನ್' ಎಂಬುದನ್ನು ಕೈಬಿಟ್ಟು 'ಬ್ಯಾಟರ್' ಎಂದು ತಿದ್ದಿದರು. ನಮ್ಮ ಪತ್ರಿಕೆಗಳೂ ತಿದ್ದಿಕೊಂಡವು. ಹಿಂದೆ ಕನ್ನಡದಲ್ಲಿ 'ದಾಂಡಿಗ' ಎಂದೊಂದು ಪದ ಓಡಾಡುತ್ತಿತ್ತು. ಶಾಂತಾ ರಂಗಸ್ವಾಮಿ ನೂರು ಹೊಡೆದಾಗ ಅವರನ್ನು ಏನೆಂದು ಕರೆದರೋ! 'ದಾಂಡಿಗಿತ್ತಿ' ಎಂದು ಬರೆಯುವ ಧೈರ್ಯವನ್ನು ಯಾರೂ ಮಾಡಿದ್ದು ನಾನು ಕಾಣೆ.

ಹರಾಜಿನ ಸುದ್ದಿ ಬೇರೆಯೇ ಬಗೆಯದು. 2023ರ ಫೆಬ್ರವರಿಯಲ್ಲಿ ಮಹಿಳೆಯರ ಪ್ರೀಮಿಯರ್ ಲೀಗಿನ ಮೊದಲ ಹರಾಜು ನಡೆಯಿತು. ಸ್ಮೃತಿ ಮಂಧಾನಳನ್ನು ಬೆಂಗಳೂರಿನ ತಂಡ 3 ಕೋಟಿ 40 ಲಕ್ಷಕ್ಕೆ ಕೊಂಡಿತು. ಕೂಗಿ ಹೆಣ್ಣುಮಕ್ಕಳ ಬೆಲೆ ಕಟ್ಟುವುದೆಂದರೇನು ಎಂದು ಕೆಲವರಿಗೆ ಮುಜುಗರವಾಯಿತು. ನನಗೆ ಆಗಲಿಲ್ಲ. ವರದಕ್ಷಿಣೆಯ ಮಾತನ್ನು ಒಳಕೋಣೆಯಲ್ಲಿ ಪಿಸುಗುಟ್ಟುವ ಸಮಾಜದಲ್ಲಿ ಒಬ್ಬ ಹುಡುಗಿಯ ಕಸುಬಿಗೆ ಇಷ್ಟು ಎಂದು ಎಲ್ಲರೆದುರಿಗೆ ಸುತ್ತಿಗೆ ಬಡಿದು ಹೇಳಿದರೆ ಅದರಲ್ಲಿ ನಾಚುವುದೇನಿದೆ? ನನಗೆ ಬೇಕಾದದ್ದು ಪೂರ್ತಿ ಲೆಕ್ಕ. ಐದು ತಂಡಗಳ ಹಕ್ಕನ್ನು ಮಂಡಳಿ ಮಾರಿದ್ದು ಸುಮಾರು 4,670 ಕೋಟಿಗೆ. ಅದರಲ್ಲಿ ಬೆಂಗಳೂರಿನದು 901 ಕೋಟಿ. ಐದು ವರ್ಷ ಟೀವಿಯಲ್ಲಿ ತೋರಿಸುವ ಹಕ್ಕು 951 ಕೋಟಿ. ಆಟಗಾರ್ತಿಯರನ್ನು ಕೊಳ್ಳಲು ಒಂದು ತಂಡಕ್ಕೆ ಇದ್ದ ಮಿತಿ ಮೊದಲ ವರ್ಷ 12 ಕೋಟಿ, 2025ರ ಹರಾಜಿಗೆ ಅದು 15 ಕೋಟಿ. 2024ರಲ್ಲಿ ಗಂಡಸರ ಹರಾಜಿನಲ್ಲಿ ರಿಷಭ್ ಪಂತ್ ಒಬ್ಬನಿಗೇ 27 ಕೋಟಿ ಕೊಟ್ಟರು. ಹುಡುಗಿಯರಿಗೆ ಅದೃಷ್ಟ ಖುಲಾಯಿಸಿತು ಎಂದು ಬರೆಯುವಾಗ ಈ ಅಂಕಿಗಳನ್ನು ಪಕ್ಕದಲ್ಲಿ ಇಟ್ಟರೆ ಸಾಕು, ಟೀಕೆ-ಟಿಪ್ಪಣಿ ಬೇಡ. ಅದೃಷ್ಟ ಎಂಬ ಪದವೂ ಬೇಡ. ಅದು ಲಾಟರಿಗೆ ಹೇಳುವ ಮಾತು.

ಲಾಟರಿ ಎಂದಾಗ ಆ ಮೊಬೈಲ್ ಆಟಗಳು ನೆನಪಾಗುತ್ತವೆ. 2023ರಲ್ಲಿ ಭಾರತ ತಂಡದ ಅಂಗಿಯ ಎದೆಯ ಮೇಲಿನ ಜಾಗವನ್ನು ಡ್ರೀಮ್‌ಇಲೆವೆನ್ ಎಂಬ ಕಂಪನಿ ಮೂರು ವರ್ಷಕ್ಕೆ 358 ಕೋಟಿ ಕೊಟ್ಟು ಪಡೆಯಿತು. ತಂಡವನ್ನು ನೀವೇ ಕಟ್ಟಿ, ದುಡ್ಡು ಹಾಕಿ, ಗೆಲ್ಲಿ ಎಂಬ ವ್ಯವಹಾರ ಅದರದು. ಅಂಥ ಜಾಹೀರಾತುಗಳ ಕೊನೆಯಲ್ಲಿ, ಇದು ಚಟವಾಗಬಹುದು, ಎಚ್ಚರಿಕೆಯಿಂದ ಆಡಿ ಎಂಬ ಮಾತನ್ನು ಒಬ್ಬ ಉಸಿರು ಬಿಡದೆ ಓದಿ ಮುಗಿಸುತ್ತಿದ್ದ. ಅಷ್ಟು ಅವಸರದಲ್ಲಿ ಹೇಳಿದ ಸತ್ಯವನ್ನು ನಾನು ಬೇರೆಲ್ಲೂ ಕೇಳಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯಿದೆ ಮಾಡಿತು, ಕಂಪನಿ ಅಂಗಿಯಿಂದ ಇಳಿಯಿತು. ಕೆಲವೇ ವಾರಗಳಲ್ಲಿ ಟೈರಿನ ಕಂಪನಿಯೊಂದು 579 ಕೋಟಿಗೆ ಆ ಜಾಗ ಹಿಡಿಯಿತು. ವಾಣಿಜ್ಯದ ಪುಟದಲ್ಲಿ ಚರ್ಚೆಯಾದದ್ದು ಹೂಡಿಕೆದಾರರ ನಷ್ಟ, ಮಂಡಳಿಯ ಆದಾಯ. ಹೊರಗೆ ಆಡಿ ಕಳೆದದ್ದು ಕೊನೆಗೆ ಬಂದು ಮುಟ್ಟುವುದು ಮನೆಯ ಲೆಕ್ಕದ ಪುಸ್ತಕವನ್ನೇ. ಆ ಪುಸ್ತಕ ಬರೆಯುವವಳನ್ನು ಒಂದು ಮಾತು ಕೇಳೋಣವೆಂದು ಆ ಪುಟದವರಿಗೆ ತೋಚಲಿಲ್ಲ.

ಎಲ್ಲಕ್ಕಿಂತ ದೊಡ್ಡ ಖಾಲಿ ಸಾಲು ಇರುವುದು ನಮ್ಮ ಬೆಂಗಳೂರಿನ ಹೆಸರಿನಲ್ಲಿ. 2025ರ ಜೂನ್ 3ರಂದು ಬೆಂಗಳೂರಿನ ಗಂಡಸರ ತಂಡ ಹದಿನೆಂಟನೆಯ ವರ್ಷಕ್ಕೆ ಐಪಿಎಲ್ ಗೆದ್ದಿತು. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಗೇಟುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತರು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಒಬ್ಬಳು. ತಪ್ಪು ಯಾರದು ಎಂಬ ವಾದ-ಪ್ರತಿವಾದ ತಿಂಗಳುಗಟ್ಟಲೆ ನಡೆಯಿತು. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹ ಆಯೋಗವು ಆ ಕ್ರೀಡಾಂಗಣ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲವೆಂದು ವರದಿ ಕೊಟ್ಟಿತು.

ಹೆಂಗಸರ ವಿಶ್ವಕಪ್ಪಿಗೆ ಅದೇ ಜೂನ್‌ನಲ್ಲಿ ಪ್ರಕಟವಾದ ವೇಳಾಪಟ್ಟಿಯಲ್ಲಿ ಮೊದಲ ಪಂದ್ಯ ಬೆಂಗಳೂರಿಗೆ, ಅಕ್ಟೋಬರ್ 30ರ ಸೆಮಿಫೈನಲ್ ಬೆಂಗಳೂರಿಗೆ, ಪಾಕಿಸ್ತಾನ ಫೈನಲ್ ತಲುಪದಿದ್ದರೆ ನವೆಂಬರ್ 2ರ ಫೈನಲ್ ಕೂಡ ಬೆಂಗಳೂರಿಗೇ ಎಂದಿತ್ತು. ಆಗಸ್ಟ್‌ನಲ್ಲಿ ಎಲ್ಲವನ್ನೂ ಕಿತ್ತುಕೊಂಡು ಬೆಂಗಳೂರಿನ ಬದಲಿಗೆ ನವಿ ಮುಂಬಯಿಯನ್ನು ಸೇರಿಸಿದರು. ಕಿತ್ತದ್ದು ಸರಿಯೇ, ಹನ್ನೊಂದು ಹೆಣ ಬಿದ್ದ ಜಾಗಕ್ಕೆ ಮತ್ತೆ ಜನ ಸೇರಿಸಲು ಯಾರ ಮನಸ್ಸು ಒಪ್ಪೀತು? ಆದರೆ ಆ ದಿನ ನಮ್ಮ ಪುಟಗಳಲ್ಲಿ ಬಂದದ್ದು ಸ್ಥಳ ಬದಲಾವಣೆಯ ಸುದ್ದಿಯಾಗಿ, ಮೂರು ಪ್ಯಾರಾ. ಗಂಡಸರ ಗೆಲುವಿನ ಉತ್ಸವದ ಸಾಲವನ್ನು ಹೆಂಗಸರ ವಿಶ್ವಕಪ್ ತೀರಿಸಿತು ಎಂದು ಯಾರೂ ಬರೆಯಲಿಲ್ಲ. ಜೆಮಿಮಾಳ ಆ 127 ನಮ್ಮೂರಿನಲ್ಲಿ ಆಗಬೇಕಿತ್ತು.

ನಮ್ಮೂರು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಭಾರತದ ಹೆಂಗಸರು ತಮ್ಮ ಮೊಟ್ಟಮೊದಲ ಟೆಸ್ಟ್ ಆಡಲು ಇಳಿದದ್ದು 1976ರ ಅಕ್ಟೋಬರ್ 31ರಂದು, ವೆಸ್ಟ್ ಇಂಡೀಸಿನ ಮೇಲೆ, ಬೆಂಗಳೂರಿನ ಇದೇ ಕ್ರೀಡಾಂಗಣದಲ್ಲಿ. ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವು. ಮುಂದಿನ ವರ್ಷ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಅವರು ಹೊಡೆದ 108, ಟೆಸ್ಟಿನಲ್ಲಿ ಭಾರತದ ಹೆಣ್ಣೊಬ್ಬಳ ಮೊದಲ ಶತಕ. ರಿಸರ್ವೇಶನ್ ಇಲ್ಲದ ರೈಲುಡಬ್ಬಿಯಲ್ಲಿ ಪ್ರಯಾಣ, ಹಾಲಿನಂಥ ಕೋಣೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹಾಸಿಗೆ; ಅಂದಿನ ಹೆಣ್ಣುಮಕ್ಕಳ ಆಟ ನಡೆದದ್ದು ಹಾಗೆ. ಕ್ರಿಕೆಟ್ ಮಂಡಳಿ ಅವರನ್ನು ತನ್ನ ಮನೆಗೆ ಸೇರಿಸಿಕೊಂಡದ್ದು 2006ರಲ್ಲಿ. ಮೊದಲ ಟೆಸ್ಟ್ ನಡೆದ ಅಂಗಳದಲ್ಲೇ, ನಲವತ್ತೊಂಬತ್ತು ವರ್ಷಗಳ ಮೇಲೆ, ಹೆಚ್ಚುಕಡಿಮೆ ಅದೇ ತಾರೀಖಿಗೆ, ವಿಶ್ವಕಪ್ ಎತ್ತುವ ಯೋಗ ಇತ್ತು. ಇಂಥದ್ದೊಂದು ಸುದ್ದಿ ಕೈಯಲ್ಲಿದ್ದೂ ಆಟದ ಪುಟದವರ ಕಣ್ಣಿಗೆ ಬೀಳಲಿಲ್ಲವೆಂದರೆ ಅವರು ಯಾವ ಪುಸ್ತಕ ತೆರೆದು ಕುಳಿತಿದ್ದರು?

ಕುಳಿತಿದ್ದ ಪುಸ್ತಕ ಯಾವುದೆಂದು ಫೈನಲ್ ಮುಗಿದ ವಾರದಲ್ಲೇ ತಿಳಿಯಿತು. ಬೆಂಗಳೂರಿನ ಗಂಡಸರ ತಂಡವೂ ಹೆಂಗಸರ ತಂಡವೂ ಆಗ ಒಂದೇ ಮದ್ಯದ ಕಂಪನಿಯ ಸ್ವತ್ತಾಗಿದ್ದವು. ಆ ಸ್ವತ್ತನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂದು ಪರಿಶೀಲಿಸುತ್ತಿದ್ದೇವೆ, ಅದು ನಮ್ಮ ಮುಖ್ಯ ವ್ಯಾಪಾರಕ್ಕೆ ಸೇರಿದ್ದಲ್ಲ ಎಂದು ಕಂಪನಿ ಷೇರುಪೇಟೆಗೆ ತಿಳಿಸಿತು. ಕಂಪನಿಯ ಮಟ್ಟಿಗೆ ಅದು ನೇರವಾದ ಮಾತು, ಸುಳ್ಳೇನಲ್ಲ. ಮರುದಿನದಿಂದ ಕೊಳ್ಳುವವರು ಯಾರು, ಬೆಲೆ ಎಷ್ಟು ಎಂಬ ಊಹೆಗಳಿಗೆ ಅಂಕಣಗಳು ಮೀಸಲಾದವು. 'ನಮ್ಮ ತಂಡ' ಎಂದು ಕೆಂಪಂಗಿ ತೊಟ್ಟು ಕುಣಿದವರು, 2024ರ ಮಾರ್ಚ್‌ನಲ್ಲಿ ಹುಡುಗಿಯರು ಕಪ್ ಗೆದ್ದಾಗ ಹೋಳಿಗೆ ಮಾಡಿದ ನನ್ನಂಥವರು, ಯಾರೂ ಆ ಲೆಕ್ಕದಲ್ಲಿ ಇರಲಿಲ್ಲ. ಇರಬೇಕೆಂದೂ ಇಲ್ಲ. ಆದರೆ ಆಟದ ಪುಟ ನಮ್ಮನ್ನು ಅಭಿಮಾನಿಗಳೆಂದೂ ವಾಣಿಜ್ಯದ ಪುಟ ಬ್ರಾಂಡಿನ ಬೆಲೆ ಹೆಚ್ಚಿಸುವ ತಲೆಗಳೆಂದೂ ಕರೆಯುವಾಗ, ಎರಡನ್ನೂ ಒಟ್ಟಿಗೆ ಓದಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲದರ ನಡುವೆ ನನಗೆ ನಿಜವಾಗಿ ಸಂತೋಷ ಕೊಟ್ಟ ಸುದ್ದಿಗೆ ಚಿತ್ರವೂ ಇರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಮಂಡಳಿ ದೇಶದೊಳಗಿನ ಪಂದ್ಯಗಳಲ್ಲಿ ಆಡುವ ಹಿರಿಯ ಹೆಣ್ಣುಮಕ್ಕಳ ದಿನದ ಸಂಭಾವನೆಯನ್ನು 20,000ದಿಂದ 50,000ಕ್ಕೆ ಏರಿಸಿತು. ಸ್ಮೃತಿಯಾಗದ, ಆಗಲಾರದ ನೂರಾರು ಹುಡುಗಿಯರ ಕೈಗೆ ಬರುವ ಹಣ ಇದು. ಮಗಳನ್ನು ಆಟಕ್ಕೆ ಕಳಿಸಿದರೆ ಮುಂದೇನು ಎಂದು ಕೇಳುವ ಹಾಸನದ, ಶಿವಮೊಗ್ಗದ, ಗದಗಿನ ತಾಯಿಗೆ ಕೋಟಿಯ ಹರಾಜಿಗಿಂತ ಈ ಅಂಕಿ ಹತ್ತಿರದ್ದು. ಅದನ್ನು ಒಳಪುಟದಲ್ಲಿ ಟೆಂಡರ್ ಪ್ರಕಟಣೆಯ ಪಕ್ಕಕ್ಕೆ ಹಾಕಿದ್ದರು. ಕರ್ನಾಟಕದ ಹೆಂಗಸರ ತಂಡ ಆಡುವ ಪಂದ್ಯಗಳ ಸುದ್ದಿಗೂ ಸಿಗುವುದು ಇಂಥದೇ ಮೂಲೆ: 'ಸಂಕ್ಷಿಪ್ತ ಸ್ಕೋರ್' ಎಂಬ ತಲೆಬರಹದ ಕೆಳಗೆ ಎರಡು ಸಾಲು, ಇನಿಷಿಯಲ್ಲಿಲ್ಲದ ಹೆಸರು, ಕಂಸದಲ್ಲಿ ರನ್ನು. ನಾನೀಗ ಪತ್ರಿಕೆ ಬಂದೊಡನೆ ಮೊದಲು ಆ ಎರಡು ಸಾಲು ಹುಡುಕುತ್ತೇನೆ. ಕೆಲವು ದಿನ ಸಿಗುತ್ತದೆ.